ಹೆರಿಗೆ ಕೋಣೆಯ ಸಣ್ಣ ಡಾಕ್ಟರು

‘ಮೇಡಂರಿ, ನಮ್ಮ ಮಗಳ ಹೆರಿಗಿ ಸಣ್ಣ ಡಾಕ್ಟರೇ ಮಾಡ್ಸಿದ್ರು. ದೊಡ್ಡ ಡಾಕ್ಟರ್ ಬರ್ಲೇ ಇಲ್ಲ. ಹಿಂಗ ಮಾಡಬಹುದೇನ್ರಿ?’ ಶಹಾಬಜಾರದ ನನ್ನ ದವಾಖಾನೆಗೆ ಬರುವ ತಾಯಂದಿರು ಈ ಮಾತು ಕೇಳದ ವಾರವಿಲ್ಲ. ಈ ಅಂಕಣಕ್ಕೆ ಪತ್ರ ಬರೆಯುವವರೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ಕಮಲಾಪುರದ ಕಡೆಯ ಓದುಗರೊಬ್ಬರು ಇನ್ನೂ ನೇರವಾಗಿ ಬರೆದಿದ್ದಾರೆ: ‘ಬಡವರ ಹೆಣ್ಣುಮಕ್ಕಳ ಮೇಲೆ ಇವರು ಕೆಲಸ ಕಲಿಯುತ್ತಾರೆಯೇ?’ ಈ ಪ್ರಶ್ನೆಯಲ್ಲಿ ಸಿಟ್ಟು ಎಷ್ಟಿದೆಯೋ ಭಯವೂ ಅಷ್ಟೇ ಇದೆ. ಅದೇ ತರಬೇತಿ ಪಡೆದು ಬಂದ ನನ್ನಂಥವರು ಇದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಡಬೇಕು.

ನೀವು ಸಣ್ಣ ಡಾಕ್ಟರು ಎನ್ನುವ ಆ ಹುಡುಗಿ ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್. ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಮಾಡಿ, ವೈದ್ಯಳೆಂದು ನೋಂದಣಿಯಾದ ಮೇಲೆಯೇ ಆ ಕೋಣೆಗೆ ಬಂದವಳು. ದೇಶದ ಲಕ್ಷಾಂತರ ವೈದ್ಯರ ಜೊತೆ ನೀಟ್-ಪಿ.ಜಿ. ಪರೀಕ್ಷೆ ಬರೆದು, ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಮೂರು ವರ್ಷದ ಎಂ.ಎಸ್. ಸೀಟು ಹಿಡಿದಿದ್ದಾಳೆ. ವಾರ್ಡಿನಲ್ಲಿ ಎಲ್ಲರೂ ಅವಳನ್ನು ಪಿ.ಜಿ. ಎನ್ನುತ್ತಾರೆ, ಕಾಗದದಲ್ಲಿ ಅವಳು ಜೂನಿಯರ್ ರೆಸಿಡೆಂಟ್. ಎಂ.ಎಸ್. ಮುಗಿಸಿ ಅದೇ ವಿಭಾಗದಲ್ಲಿ ದುಡಿಯುವವರು ಸೀನಿಯರ್ ರೆಸಿಡೆಂಟ್. ಅವರ ಮೇಲೆ ಅಸಿಸ್ಟಂಟ್ ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಕೊನೆಗೆ ಯುನಿಟ್ ಚೀಫ್. ನೀವು ದೊಡ್ಡ ಡಾಕ್ಟರು ಎನ್ನುವುದು ಇವರನ್ನು.

ನಮ್ಮ ಕಲಬುರಗಿ ಈ ವಿಷಯದಲ್ಲಿ ಬಡ ಊರಲ್ಲ. 1963ರಲ್ಲಿ ಶುರುವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು, ಅದಕ್ಕೆ ಸೇರಿದ ಬಸವೇಶ್ವರ ಆಸ್ಪತ್ರೆ, 2000ದಲ್ಲಿ ಬಂದ ಖಾಜಾ ಬಂದಾನವಾಜ್ ಕಾಲೇಜು, ಆಮೇಲೆ ಇ.ಎಸ್.ಐ.ಸಿ., ಜಿಲ್ಲಾಸ್ಪತ್ರೆಯ ಜಿಮ್ಸ್ ಹೀಗೆ ಒಂದೇ ನಗರದಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಕಮಲಾಪುರ ತಾಲ್ಲೂಕುಗಳಿಂದಷ್ಟೇ ಅಲ್ಲ, ಬೀದರ್, ಯಾದಗಿರಿ ಕಡೆಯಿಂದಲೂ ಬಸುರಿಯರು ಇಲ್ಲಿಗೆ ಬರುತ್ತಾರೆ. ಪಿ.ಜಿ.ಗಳೂ ಹಾಗೆಯೇ. ಸರ್ಕಾರಿ ಕಾಲೇಜಿನ ಅರ್ಧ ಪಿ.ಜಿ. ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುವುದರಿಂದ ರಾಜಸ್ಥಾನದ, ಕೇರಳದ ಹುಡುಗಿಯರೂ ಇಲ್ಲಿ ಬಂದು ಹೆರಿಗೆ ಮಾಡಿಸುತ್ತಾರೆ. ಕೆಲವೇ ತಿಂಗಳಲ್ಲಿ ಅವರು ‘ಬ್ಯಾನಿ ಯಾವಾಗಿಂದ ಬರ್ಲಾಕತ್ತಾವ?’, ‘ನೀರು ಹೋಗ್ಯಾವೇನು?’ ಎಂದು ನಮ್ಮ ಭಾಷೆಯಲ್ಲೇ ಕೇಳುವುದನ್ನು ಕಂಡಾಗ ನನಗೆ ಅವರ ಮೇಲೆ ಅಭಿಮಾನ ಬರುತ್ತದೆ. ಕನ್ನಡ, ದಖನಿ ಉರ್ದು, ಲಂಬಾಣಿ ಮೂರೂ ಕೇಳಿಬರುವ ವಾರ್ಡಿನಲ್ಲಿ ಅದು ಸಣ್ಣ ಕೆಲಸವಲ್ಲ.

ಈ ಮೂರು ವರ್ಷದಲ್ಲಿ ಅವರು ಕಲಿಯುವುದೇನು? ಹೊರಗಿನವರು ಆಪರೇಷನ್ ಎಂದುಕೊಳ್ಳುತ್ತಾರೆ. ಮೊದಲ ವರ್ಷದ ಬಹುಪಾಲು ಹೋಗುವುದು ನೋಡುತ್ತ ಕೂಡುವುದರಲ್ಲಿ. ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತ ಎಣಿಸಬೇಕು. ಹತ್ತು ನಿಮಿಷದಲ್ಲಿ ಎಷ್ಟು ಬ್ಯಾನಿ ಬಂದವು, ಒಂದೊಂದೂ ಎಷ್ಟು ಸೆಕೆಂಡು ನಿಂತಿತು ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಬೇಕು. ತಾಯಿಯ ನಾಡಿ, ಬಿ.ಪಿ., ಮೂತ್ರದ ಪ್ರಮಾಣ ಬರೆಯಬೇಕು. ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ ಒಳಗಿನ ಪರೀಕ್ಷೆ ಮಾಡಿ ಗರ್ಭಕೊರಳು ಎಷ್ಟು ತೆರೆದಿದೆ, ಕೂಸಿನ ತಲೆ ಎಷ್ಟು ಇಳಿದಿದೆ ಎಂದು ಗುರುತಿಸಬೇಕು. ಇದೆಲ್ಲ ಪಾರ್ಟೋಗ್ರಾಫ್ ಎಂಬ ಒಂದೇ ಹಾಳೆಯಲ್ಲಿ ಗೆರೆಯಾಗಿ ಮೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಆ ಹಾಳೆಯನ್ನೇ ತಿದ್ದಿ ಹೊಸದು ಮಾಡಿತು. ಗರ್ಭಕೊರಳು ಐದು ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆ ಚುರುಕಾಯಿತೆಂದು ಎಣಿಸಿ ಎಂದಿತು. ಅದಕ್ಕೆ ಮೊದಲೇ ಗಾಬರಿಯಾಗಿ ಬ್ಯಾನಿಯ ಡ್ರಿಪ್ ಹಾಕುವುದು, ಸಿಜೇರಿಯನ್‌ಗೆ ಒಯ್ಯುವುದು ಬೇಡ ಎಂಬುದು ಅದರ ಇಂಗಿತ. ಆ ಹಾಳೆಯಲ್ಲಿ ಹೊಸದಾಗಿ ಸೇರಿದ ಕೆಲವು ಮನೆಗಳು ನನಗೆ ಬಹಳ ಮೆಚ್ಚುಗೆ: ತಾಯಿಯ ಜೊತೆ ಅವಳವರು ಯಾರಾದರೂ ಇದ್ದಾರೆಯೇ, ನೋವಿಗೆ ಏನಾದರೂ ಕೊಟ್ಟಿರಾ, ಕುಡಿಯಲು ಕೊಟ್ಟಿರಾ ಎಂದೂ ಅದು ಕೇಳುತ್ತದೆ.

ನನಗೆ ಇದನ್ನು ಕಲಿಸಿದ ಸೀನಿಯರ್ ಒಬ್ಬರಿದ್ದರು. ಅವರದು ಒಂದೇ ಪದ್ಧತಿ. ಹೊಸ ಪಿ.ಜಿ. ಫೋನ್ ಮಾಡಿ ‘ಪ್ರೋಗ್ರೆಸ್ ಆಗ್ತಿಲ್ಲ ಮೇಡಂ’ ಎಂದರೆ ಸಾಕು, ‘ನೀನು ಆಕೆಯ ಪಕ್ಕ ಎಷ್ಟು ಹೊತ್ತು ಕೂತಿದ್ದಿ?’ ಎಂದು ಕೇಳುತ್ತಿದ್ದರು. ಕೂತಿಲ್ಲವೆಂದರೆ ಕೂತು ನೋಡಿ ಮತ್ತೆ ಫೋನ್ ಮಾಡು ಎನ್ನುತ್ತಿದ್ದರು. ಕೂತಿದ್ದೇನೆ ಎಂದರೆ ಮರುಮಾತಿಲ್ಲದೆ ಬಂದುಬಿಡುತ್ತಿದ್ದರು, ಅದು ರಾತ್ರಿ ಎರಡಿರಲಿ, ಮೂರಿರಲಿ. ಪಕ್ಕದಲ್ಲಿ ಕೂತು ನೋಡಿದವಳ ಮಾತಿಗೆ ಅವರು ಕೊಡುತ್ತಿದ್ದ ಬೆಲೆ ನಮ್ಮೆಲ್ಲರನ್ನೂ ತಿದ್ದಿತು. ಈ ಎರಡೂ ಸೇರಿದ್ದೇ ತರಬೇತಿ: ಹಾಸಿಗೆಯ ಪಕ್ಕ ಕೂಡುವ ಕಿರಿಯಳು, ಕರೆದರೆ ಬರುವ ಹಿರಿಯಳು.

ಕೂಸು ಹೊರಬಂದ ಮೇಲಿನ ಗಳಿಗೆ ಇನ್ನೂ ಸೂಕ್ಷ್ಮ. ಮನೆಯವರೆಲ್ಲ ಗಂಡೋ ಹೆಣ್ಣೋ ಎಂದು ಕೇಳುತ್ತಿರುವಾಗ ಪಿ.ಜಿ.ಯ ಕಣ್ಣು ತಾಯಿಯ ಮೇಲಿರಬೇಕು. ಒಂದು ನಿಮಿಷದೊಳಗೆ ಆಕ್ಸಿಟೋಸಿನ್ ಚುಚ್ಚುಮದ್ದು ಹೋಗಬೇಕು, ಮಾಸು ಪೂರ್ತಿ ಬಂದಿದೆಯೇ ಎಂದು ತಿರುಗಿಸಿ ನೋಡಬೇಕು, ಗರ್ಭಕೋಶ ತೆಂಗಿನಕಾಯಿಯಂತೆ ಗಟ್ಟಿಯಾಯಿತೇ ಎಂದು ಹೊಟ್ಟೆ ಮುಟ್ಟಿ ಮತ್ತೆ ಮತ್ತೆ ಪರೀಕ್ಷಿಸಬೇಕು. ಮೆತ್ತಗಾದರೆ ರಕ್ತ ನಿಲ್ಲುವುದಿಲ್ಲ. ತಡೆಯದಿದ್ದರೆ ಎರಡು ತಾಸಿನೊಳಗೆ ಜೀವ ಹೋಗಬಹುದು. ನಮ್ಮ ಕಡೆ ಬಸುರಿಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ. ಮೊದಲೇ ರಕ್ತ ಕಡಿಮೆ ಇರುವವಳು ಸ್ವಲ್ಪ ಹೋದರೂ ತಡೆದುಕೊಳ್ಳಲಾರಳು.

ಹರಿದ ರಕ್ತವನ್ನು ಕಣ್ಣಳತೆಯಲ್ಲಿ ಹೇಳಿದರೆ ಅನುಭವಿಗಳೂ ಇರುವುದಕ್ಕಿಂತ ಕಡಿಮೆಯೇ ಹೇಳುತ್ತಾರೆ. ಈ ದೋಷಕ್ಕೆ ಮದ್ದು ಹುಡುಕುವ ಕೆಲಸದಲ್ಲಿ ನಮ್ಮ ಉತ್ತರ ಕರ್ನಾಟಕದ ಪಾಲು ದೊಡ್ಡದು, ಅದು ಇಲ್ಲಿಯವರಿಗೇ ಹೆಚ್ಚು ಗೊತ್ತಿಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡನೆ ಸೇರಿ ಆ ಜಿಲ್ಲೆಯ ಹಳ್ಳಿಗಳ 1,620 ಹೆರಿಗೆಗಳಲ್ಲಿ ಒಂದು ಅಧ್ಯಯನ ಮಾಡಿದರು. ತಾಯಿಯ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಚೀಲದಂಥ ತುದಿಯಲ್ಲಿ ಗೆರೆ ಎಳೆದು, ಸೇರಿದ ರಕ್ತವನ್ನು ಅಳೆದರು. ಹಳ್ಳಿಯ ಎ.ಎನ್.ಎಂ. ಸಿಸ್ಟರ್‌ಗಳು ಹೆರಿಗೆಯಾದ ಕೂಡಲೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟ ಕಡೆ ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ರಕ್ತ ಅಳೆಯುವ ಅಂಥದೇ ಹಾಳೆಯನ್ನು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಬಳಸಿ, ಅಳತೆ ಮೀರಿದ ತಕ್ಷಣ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ಗಂಭೀರ ಅನಾಹುತಗಳು ಶೇ 60ರಷ್ಟು ತಗ್ಗಿದ್ದನ್ನು 2023ರಲ್ಲಿ ಜಗತ್ತು ಕಂಡಿತು. ಇಂದು ಕಲಬುರಗಿಯಲ್ಲಿ ಪಿ.ಜಿ. ಮಾಡುವ ಹುಡುಗಿ ಈ ಹಾಳೆಯನ್ನು ಮೊದಲ ತಿಂಗಳಿನಿಂದಲೇ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ಹಟ.

ಬಿ.ಪಿ. ಏರಿ ಫಿಟ್ಸ್ ಬಂದವಳದು ಇನ್ನೊಂದು ಬಗೆಯ ಪಾಠ. ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರೆ ಫಿಟ್ಸ್ ನಿಲ್ಲುತ್ತವೆ, ಆದರೆ ಹೆಚ್ಚಾದರೆ ಉಸಿರೇ ನಿಲ್ಲಬಹುದು. ಹಾಗಾಗಿ ಪ್ರತಿ ಸಲ ಔಷಧಿ ಕೊಡುವ ಮೊದಲು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ಕಾಲು ಒದೆಯುತ್ತದೆಯೇ ಎಂದು ನೋಡಬೇಕು, ಉಸಿರು ಎಣಿಸಬೇಕು, ಮೂತ್ರದ ಚೀಲ ನೋಡಬೇಕು. ಇಷ್ಟನ್ನು ರಾತ್ರಿಯಿಡೀ ತಪ್ಪದೆ ಮಾಡುವವಳು ಪಿ.ಜಿ. ಅದನ್ನು ಪುಸ್ತಕ ಓದಿ ಯಾರೂ ರೂಢಿಸಿಕೊಳ್ಳುವುದಿಲ್ಲ.

ನೋಡಿ ಬರೆದಿಡುವುದು, ಬರೆದದ್ದನ್ನು ಓದಿ ಎಚ್ಚರಗೊಳ್ಳುವುದು ಎಷ್ಟು ದೊಡ್ಡ ವಿದ್ಯೆ ಎಂಬುದಕ್ಕೆ ನಮ್ಮ ಬೆಳಗಾವಿಯ ಹೆಣ್ಣುಮಗಳು ಸವಿತಾ ಹಾಲಪ್ಪನವರ ಅವರ ಸಾವೇ ಸಾಕ್ಷಿ. ದಂತವೈದ್ಯೆಯಾಗಿದ್ದ ಅವರು 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇ ಆಸ್ಪತ್ರೆಯಲ್ಲಿ, 17 ವಾರದ ಬಸಿರು ಜಾರುತ್ತಿದ್ದಾಗ, ನಂಜೇರಿ ತೀರಿಕೊಂಡರು. ಅಲ್ಲಿನ ಗರ್ಭಪಾತದ ಕಾನೂನಿನ ಬಗ್ಗೆ ಜಗತ್ತೆಲ್ಲ ಮಾತಾಡಿತು. 2018ರಲ್ಲಿ ಜನಮತಗಣನೆಯಾಗಿ ಆ ಕಾನೂನು ಹೋಯಿತು. ಆದರೆ ಅಲ್ಲಿನ ಆರೋಗ್ಯ ಗುಣಮಟ್ಟ ಪ್ರಾಧಿಕಾರದ ತನಿಖೆ ಇನ್ನೊಂದನ್ನೂ ಹೇಳಿತು: ಅವರನ್ನು ಉಳಿಸಬಹುದಾಗಿದ್ದ 13 ಅವಕಾಶಗಳು ಕೈತಪ್ಪಿದ್ದವು. ನಾಡಿ, ಜ್ವರ, ಉಸಿರಾಟ ನೋಡುವುದರಲ್ಲಿ, ಒಬ್ಬರಿಂದ ಒಬ್ಬರಿಗೆ ವಿಷಯ ದಾಟಿಸುವುದರಲ್ಲಿ ಲೋಪವಾಗಿತ್ತು. ಶ್ರೀಮಂತ ದೇಶದ, ಸಕಲ ಸೌಕರ್ಯದ ಆಸ್ಪತ್ರೆಯದು. ನಮ್ಮಲ್ಲಿ ಬೆಳಿಗ್ಗೆ ಎಂಟಕ್ಕೆ ಡ್ಯೂಟಿ ಬದಲಾಗುವಾಗ ಹಿಂದಿನ ರಾತ್ರಿಯ ಪಿ.ಜಿ. ಹಾಸಿಗೆ ಹಾಸಿಗೆಗೂ ನಿಂತು ಮುಂದಿನವಳಿಗೆ ಒಪ್ಪಿಸಿಕೊಡುವ ಪದ್ಧತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುವುದು ಈ ಕಾರಣಕ್ಕೆ.

ಇನ್ನು ಕತ್ತರಿ ಹಿಡಿಯುವ ವಿಷಯ. ಸಾಮಾನ್ಯವಾಗಿ ಮೊದಲ ವರ್ಷ ಸಹಜ ಹೆರಿಗೆ, ಹೊಲಿಗೆ, ಸಿಜೇರಿಯನ್‌ನಲ್ಲಿ ಸಹಾಯಕ್ಕೆ ನಿಲ್ಲುವುದು. ಆಮೇಲೆ ಹಿರಿಯರು ಎದುರು ನಿಂತು ಆಪರೇಷನ್ನಿನ ಒಂದೊಂದೇ ಹಂತವನ್ನು ಬಿಟ್ಟುಕೊಡುತ್ತಾರೆ. ಚರ್ಮದ ಹೊಲಿಗೆ ಮೊದಲು, ಗರ್ಭಕೋಶ ತೆರೆಯುವುದು ಕೊನೆಗೆ. ಗರ್ಭಕೋಶ ತೆಗೆಯುವ ಆಪರೇಷನ್, ಲ್ಯಾಪ್ರೊಸ್ಕೋಪಿ ಬರುವುದು ಮೂರನೆಯ ವರ್ಷಕ್ಕೆ. ಎಲ್ಲವೂ ಲಾಗ್‌ಬುಕ್ಕಿನಲ್ಲಿ ದಾಖಲಾಗಿ ಹಿರಿಯರ ಸಹಿ ಬೀಳಬೇಕು. ಇಲ್ಲಿ ನನಗೊಂದು ಚಿಂತೆಯಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಸಿಜೇರಿಯನ್ ಪ್ರಮಾಣ ಶೇ 31.5. ಅದರ ಹಿಂದಿನ ಸುತ್ತಿನಲ್ಲಿ ಶೇ 23.6 ಇತ್ತು. ಸಿಜೇರಿಯನ್ ಹೆಚ್ಚಿದಷ್ಟೂ ಫೋರ್ಸೆಪ್ಸ್ ಹಾಕುವ, ಕಾಲು ಮುಂದಾಗಿ ಬರುವ ಕೂಸನ್ನು ಜೋಪಾನವಾಗಿ ಹೊರತೆಗೆಯುವ ಕೈಚಳಕ ಕಲಿಯಲು ಪಿ.ಜಿ.ಗಳಿಗೆ ಅವಕಾಶ ಕಡಿಮೆಯಾಗುತ್ತದೆ. ನಾಳೆ ಅವರು ತಾಲ್ಲೂಕಿನಲ್ಲಿ ಒಬ್ಬರೇ ಇದ್ದಾಗ, ಅರಿವಳಿಕೆ ವೈದ್ಯರಿಲ್ಲದ ರಾತ್ರಿ, ತಲೆ ಬಾಗಿಲಿಗೆ ಬಂದು ನಿಂತ ಕೂಸಿಗೆ ಏನು ಮಾಡುತ್ತಾರೆ? ಗೊಂಬೆಯ ಮೇಲಾದರೂ ಸರಿ, ಇದನ್ನು ಕಡ್ಡಾಯವಾಗಿ ಕಲಿಸಬೇಕು.

ಹಾಗಾದರೆ ಆ ತಾಯಿಯ ಪ್ರಶ್ನೆಗೆ ಉತ್ತರವೇನು? ತೊಡಕಿಲ್ಲದ ಸಹಜ ಹೆರಿಗೆಯನ್ನು ಪಿ.ಜಿ. ಮಾಡಿಸುವುದು ಸರಿ, ನುರಿತ ಸ್ಟಾಫ್ ನರ್ಸ್ ಮಾಡಿಸುವುದೂ ಸರಿ. ಅದಕ್ಕೆ ಪ್ರೊಫೆಸರರೇ ಬರಬೇಕಿಲ್ಲ. ಆದರೆ ರಕ್ತ ನಿಲ್ಲದಾಗ, ಫಿಟ್ಸ್ ಬಂದಾಗ, ಹಿಂದಿನ ಸಿಜೇರಿಯನ್ನಿನ ಹೊಲಿಗೆ ನೋಯುತ್ತಿದೆ ಎಂದಾಗ, ಕೂಸಿನ ಎದೆಬಡಿತ ಇಳಿದಾಗ ಹಿರಿಯರು ಆ ಕೋಣೆಯಲ್ಲಿರಬೇಕು. ಫೋನಿನಲ್ಲಿ ಇದ್ದರೆ ಸಾಲದು. ಕರೆದರೂ ಬರಲಿಲ್ಲವೆಂದರೆ ಅದು ತಪ್ಪು, ಆ ತಪ್ಪು ಪಿ.ಜಿ.ಯದಲ್ಲ. ಕರೆಯಬೇಕೆಂದು ಅವಳಿಗೆ ಹೊಳೆಯದೇ ಹೋದರೂ, ಬೈಸಿಕೊಳ್ಳುವ ಹೆದರಿಕೆಯಿಂದ ಕರೆಯದೇ ಉಳಿದರೂ, ಅವಳನ್ನು ಹಾಗೆ ಬೆಳೆಸಿದ ವಿಭಾಗವನ್ನೇ ಕೇಳಬೇಕು.

ನಿದ್ದೆಯ ಮಾತನ್ನೂ ಎತ್ತಲೇಬೇಕು. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯಲ್ಲಿ ಒಂದು ಸಲಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಎಂದು ಬರೆದಿದೆ. 2023ರ ಸ್ನಾತಕೋತ್ತರ ನಿಯಮಗಳು ವಾರಕ್ಕೊಂದು ರಜೆ ಕೊಡಿ, ದುಡಿಮೆಯ ಹೊತ್ತು ಮಿತಿಯಲ್ಲಿರಲಿ ಎಂದವು, ಗಂಟೆಯ ಲೆಕ್ಕ ಹೇಳಲಿಲ್ಲ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು, ದಿನಕ್ಕೆ ಏಳೆಂಟು ತಾಸು ನಿದ್ದೆ ಬೇಕು ಎಂದು ಶಿಫಾರಸು ಮಾಡಿತು. ಅಮೆರಿಕದಲ್ಲಿ 2003ರಿಂದ 80 ಗಂಟೆಯ ಮಿತಿಯಿದೆ. ಇಲ್ಲಿ ಕಾಗದ ಏನೇ ಹೇಳಲಿ, ಅಡ್ಮಿಷನ್ ದಿನ ಬೆಳಿಗ್ಗೆ ಓ.ಪಿ.ಡಿ.ಗೆ ಹೋದವಳು ರಾತ್ರಿಯಿಡೀ ಲೇಬರ್ ರೂಮಿನಲ್ಲಿದ್ದು, ಮರುದಿನ ರೌಂಡ್ಸ್, ಓ.ಟಿ. ಮುಗಿಸಿ ಸಂಜೆ ಹಾಸ್ಟೆಲಿಗೆ ಹೋಗುವುದು ದೇಶದ ಅನೇಕ ಕಾಲೇಜುಗಳಲ್ಲಿ ನಡೆದೇ ಇದೆ. ನಾನೂ ಹಾಗೆಯೇ ದುಡಿದವಳು. ಎರಡನೆಯ ದಿನದ ಮಧ್ಯಾಹ್ನ ಕೇಸ್ ಶೀಟಿನ ಅಕ್ಷರ ಕಣ್ಣೆದುರು ತೇಲುವುದು ಹೇಗಿರುತ್ತದೆಂದು ನನಗೆ ಗೊತ್ತು.

ಇದರ ಬೆಲೆ ತೆರುವವಳು ಹಾಸಿಗೆಯ ಮೇಲಿರುವ ತಾಯಿ. ಲೇಬರ್ ರೂಮಿನಲ್ಲಿ ಬೈಗುಳ, ಒರಟು ಮಾತು, ತೊಡೆಗೆ ಏಟು ಬೀಳುವುದನ್ನು ನಮ್ಮ ಹೆಂಗಸರು ಮನೆಗೆ ಹೋಗಿ ಸದ್ದಿಲ್ಲದೆ ಹೇಳಿಕೊಳ್ಳುತ್ತಾರೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಅದು ನಿಲ್ಲಬೇಕೆಂದರೆ ಗೋಡೆಗೆ ಫಲಕ ಹಚ್ಚಿದರೆ ಆಗುವುದಿಲ್ಲ. ಮೂವತ್ತು ತಾಸು ಎಚ್ಚರವಿದ್ದವಳಿಗೆ ತಾಳ್ಮೆ ಕಲಿಸಲು ಯಾರಿಂದಲೂ ಸಾಧ್ಯವಿಲ್ಲ. ಅವಳಿಗೆ ಮಲಗಲು ಹೊತ್ತು ಕೊಡಬೇಕು, ಮಲಗಲು ಚಿಲಕವಿರುವ ಕೋಣೆಯನ್ನೂ ಕೊಡಬೇಕು. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ರಾತ್ರಿ ಡ್ಯೂಟಿಯಲ್ಲಿದ್ದ ಪಿ.ಜಿ. ವೈದ್ಯೆ ಅತ್ಯಾಚಾರಕ್ಕೊಳಗಾಗಿ ಕೊಲೆಯಾಗಿ ಸೆಮಿನಾರ್ ಹಾಲಿನಲ್ಲಿ ಸಿಕ್ಕಳು. ಪ್ರಸೂತಿ ವಿಭಾಗದ ಪಿ.ಜಿ.ಗಳಲ್ಲಿ ಬಹುತೇಕ ಎಲ್ಲರೂ ಹೆಣ್ಣುಮಕ್ಕಳೇ. ನಮ್ಮ ಊರಿನ ಆಸ್ಪತ್ರೆಗಳ ಆಡಳಿತದವರು ಒಂದು ರಾತ್ರಿ ಲೇಬರ್ ರೂಮಿನಿಂದ ಡ್ಯೂಟಿ ರೂಮಿನ ತನಕ ಒಬ್ಬರೇ ನಡೆದು ನೋಡಬೇಕು.

ಕಮಲಾಪುರದ ಓದುಗರಿಗೆ ಇನ್ನೊಂದು ಮಾತು. ನಿಮ್ಮ ಕಡೆಯ ಬಸುರಿ ಹುಮನಾಬಾದ ರಸ್ತೆಯಲ್ಲಿ 108 ವಾಹನ ಹತ್ತಿ ಕಲಬುರಗಿ ಸೇರುವಷ್ಟರಲ್ಲಿ ಎಷ್ಟೋ ಸಲ ಅವಳ ಹಣೆಬರಹ ನಿರ್ಧಾರವಾಗಿಬಿಟ್ಟಿರುತ್ತದೆ. ಇಲ್ಲಿ ಬಾಗಿಲಲ್ಲಿ ಅವಳನ್ನು ಎದುರುಗೊಳ್ಳುವ ಪಿ.ಜಿ. ರೆಫರಲ್ ಚೀಟಿ ನೋಡಿ ‘ಬಿ.ಪಿ. ಎಷ್ಟಿತ್ತು ಬರೆದಿಲ್ಲ, ಮೆಗ್ನೀಷಿಯಂ ಎಷ್ಟು ಹೊತ್ತಿಗೆ ಕೊಟ್ಟರು ಬರೆದಿಲ್ಲ’ ಎಂದು ರೇಗುತ್ತಾಳೆ. ಅಲ್ಲಿ ಒಬ್ಬರೇ ವೈದ್ಯರು, ಒಬ್ಬರೇ ಸಿಸ್ಟರ್ ಯಾವ ಗಡಿಬಿಡಿಯಲ್ಲಿ ಆ ಚೀಟಿ ಬರೆದರೆಂದು ಅವಳಿಗೆ ತಿಳಿಯದು. ತಿಳಿಯುವುದಕ್ಕೆ ದಾರಿಯಿದೆ. ಈಗಿನ ನಿಯಮದ ಪ್ರಕಾರ ಪ್ರತಿ ಪಿ.ಜಿ.ಯೂ ಮೂರು ತಿಂಗಳು ಜಿಲ್ಲಾ ರೆಸಿಡೆನ್ಸಿ ಮಾಡಲೇಬೇಕು, ತನ್ನ ಕಾಲೇಜು ಬಿಟ್ಟು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ದುಡಿಯಬೇಕು. ಮೂರರಿಂದ ಐದನೆಯ ಸೆಮಿಸ್ಟರಿನೊಳಗೆ, ಅಂದರೆ ಅವಳ ಕೈ ಪಳಗಿರುವ ಹೊತ್ತಿಗೆ, ಇದು ಬರುತ್ತದೆ. ಆ ಮೂರು ತಿಂಗಳನ್ನು ಒಂದು ದೊಡ್ಡ ಕಟ್ಟಡದಿಂದ ಇನ್ನೊಂದು ದೊಡ್ಡ ಕಟ್ಟಡಕ್ಕೆ ಹೋಗಿ ಸಹಿ ಹಾಕಿ ಕಳೆಯಬಾರದು. ಸೀನಿಯರ್ ವೈದ್ಯರ ಉಸ್ತುವಾರಿಯಲ್ಲಿ ಕಮಲಾಪುರ, ಚಿಂಚೋಳಿ, ಆಳಂದದಂಥ ಕಡೆ ಕೆಲವು ವಾರವಾದರೂ ಅವರು ಇರುವಂತಾಗಬೇಕು. ಆಶಾ ಕಾರ್ಯಕರ್ತೆಯ ಜೊತೆ ತಾಂಡಾಕ್ಕೆ ಹೋಗಿ ತಾಯಿ ಕಾರ್ಡು ತೆರೆದು ನೋಡಬೇಕು, ಬಸುರಿಯ ಜೊತೆ ಆಂಬುಲೆನ್ಸಿನಲ್ಲಿ ಒಮ್ಮೆಯಾದರೂ ಕಲಬುರಗಿಯ ತನಕ ಬರಬೇಕು.

ಒಂದು ಕಾಲಕ್ಕೆ ತಾಲ್ಲೂಕುಗಳಿಗೆ ಹೆರಿಗೆ ತಜ್ಞರನ್ನು ಕೊಟ್ಟಿದ್ದು ಎರಡು ವರ್ಷದ ಡಿ.ಜಿ.ಒ. ಡಿಪ್ಲೊಮಾ. ವೈದ್ಯಕೀಯ ಕಾಲೇಜುಗಳಲ್ಲಿ ಆ ಸೀಟುಗಳಲ್ಲಿ ಬಹುಪಾಲು ಎಂ.ಎಸ್. ಆದವು. ಈಗ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಹೊಸ ಡಿಪ್ಲೊಮಾ ಬಂದಿದ್ದು, ಅದು ಜಿಲ್ಲಾ ಆಸ್ಪತ್ರೆಗಳಲ್ಲಿ ಬೇರೂರಿದರೆ ನಮ್ಮಂಥ ಪ್ರದೇಶಕ್ಕೆ ಒಳ್ಳೆಯದು. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಈ ಅಂತರ ದಾಟಬೇಕೆಂದರೆ ನುರಿತ ಕೈಗಳು ತಾಲ್ಲೂಕಿನಲ್ಲಿರಬೇಕು.

ಕಲಬುರಗಿಯ ನಾಲ್ಕೂ ಕಾಲೇಜುಗಳ ಪ್ರಸೂತಿ ವಿಭಾಗಗಳಿಗೆ ನನ್ನದೊಂದು ಕೋರಿಕೆ: ಇಂದು ರಾತ್ರಿ ಡ್ಯೂಟಿಯಲ್ಲಿರುವ ಹಿರಿಯ ವೈದ್ಯರ ಹೆಸರನ್ನು ಲೇಬರ್ ರೂಮಿನ ಬಾಗಿಲ ಮೇಲೆ ಕನ್ನಡದಲ್ಲಿ, ಉರ್ದುವಿನಲ್ಲಿ ಬರೆದು ಹಾಕಿ. ಹೆರಿಗೆಗೆ ಬರುವ ಮನೆಯವರಿಗೂ ಒಂದು ಮಾತು. ಪಿ.ಜಿ.ಯ ಹೆಸರು ಕೇಳಿ ತಿಳಿದುಕೊಳ್ಳಿ, ಅವಳ ಮೇಲಿನವರು ಯಾರೆಂದೂ ಕೇಳಿ, ಅದು ನಿಮ್ಮ ಹಕ್ಕು. ಹೆರಿಗೆಯ ಹೊತ್ತಿಗೆ ತಾಯಿಯ ಜೊತೆ ಒಬ್ಬ ಹೆಂಗಸು ಇರಲು ಕೇಂದ್ರ ಸರ್ಕಾರ 2016ರಲ್ಲೇ ಅನುಮತಿ ಕೊಟ್ಟಿದೆ, ಅದನ್ನೂ ಕೇಳಿ ಪಡೆಯಿರಿ. ತಾಯಿ ಕಾರ್ಡು, ರಕ್ತದ ಗುಂಪಿನ ಚೀಟಿ, ಹಿಂದಿನ ಹೆರಿಗೆಯ ಕಾಗದ ಕೈಯಲ್ಲಿರಲಿ. ಬೇಕಾದರೆ ರಕ್ತ ಕೊಡಬಲ್ಲ ಒಬ್ಬ ಗಟ್ಟಿಮುಟ್ಟಾದ ಹುಡುಗನನ್ನು ಕರೆದುಕೊಂಡೇ ಬನ್ನಿ.